ಪಿಂಚಣಿಯ ಕಾಗದ

“ಪಿಂಚಣಿನೂ ಉಣಬೇಕು, ಪರಿಹಾರನೂ ಬೇಕು ಅಂದ್ರ ಹೆಂಗ್ರಿ ಮೇಡಂ?” ಎಂದು ಗಿರಣಿಯ ವಕೀಲ ನೀಲಕಂಠ ಕಾಗದವೊಂದನ್ನು ಅಧಿಕಾರಿ ವಿದ್ಯಾವತಿಯವರ ಮುಂದೆ ಸರಿಸಿದ. ಕಲಬುರಗಿಯ ಆ ಕಾರ್ಮಿಕ ಕಚೇರಿಯಲ್ಲಿ ಫ್ಯಾನು ತಿರುಗುತ್ತಿದ್ದರೂ ಭಾಗಮ್ಮನ ಬೆನ್ನು ಬೆವೆತಿತ್ತು. ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದಳು.

ಕಪನೂರಿನ ತೊಗರಿಬೇಳೆ ಗಿರಣಿಯಲ್ಲಿ ಅವಳದು ಹನ್ನೆರಡು ವರ್ಷದ ದುಡಿಮೆ. ದೀಪಾವಳಿ ಕಳೆದ ಮರುವಾರ ಯಂತ್ರದ ಬೆಲ್ಟು ಬಲಗೈಯ ಹೆಬ್ಬೆರಳನ್ನೂ ಪಕ್ಕದ ಎರಡು ಬೆರಳನ್ನೂ ನುಂಗಿತು. ಆಸ್ಪತ್ರೆಯಿಂದ ಬಂದ ಮೂರನೇ ದಿನ ಮಾಲಕ ಮಹಾದೇವ ಸಾವ್ಕಾರನೇ ಕಮಲಾಪುರದ ಮನೆಗೆ ಹಣ್ಣು ಹಿಡಿದು ಬಂದ. “ಯವ್ವಾ, ನೀ ನಮ್ಮ ಮನಿ ಮಗಳಿದ್ದಂಗ. ತಿಂಗಳಿಗೆ ನಾಕು ಸಾವಿರ ಪಿಂಚಣಿ ಕೊಡ್ತೀನಿ” ಎಂದು ಕಾಗದ ಚಾಚಿದ. ಅವಳು ಅಳುತ್ತಲೇ ಹೆಬ್ಬೆಟ್ಟು ಒತ್ತಿದಳು. ಎಂಥ ಕರುಣೆ! ಓದು ಬಾರದವಳಿಗೆ ಅದರಲ್ಲಿ ಏನು ಬರೆದಿದೆ ಎಂದು ಹೇಳುವಷ್ಟು ಪುರುಸೊತ್ತು ಮಾತ್ರ ಸಾವ್ಕಾರನಿಗೆ ಇರಲಿಲ್ಲ.

ಆಮೇಲೆ ಗಿರಣಿಯ ಹಮಾಲ ಕರೀಂಸಾಬ್ ಅವಳಿಂದ ಪರಿಹಾರದ ಅರ್ಜಿ ಹಾಕಿಸಿದ್ದ. ಇವತ್ತು ಬಾಗಿಲಲ್ಲೇ ಸಾವ್ಕಾರ ಅಡ್ಡ ಬಂದು, “ವಕೀಲರು ಕೇಳಿದ್ದಕ್ಕ ಹೂಂ ಅನ್ನು. ಇಲ್ಲಂದ್ರ ಪಿಂಚಣಿ ಬಂದ್” ಎಂದಿದ್ದ. ಮನೆಯ ಒಲೆ, ಮಗಳು ಅಂಬಿಕಾಳ ಕಾಲೇಜು ಎಲ್ಲ ನಡೆಯುತ್ತಿದ್ದುದು ಅದರಲ್ಲೇ.

“ಪಿಂಚಣಿ ಕೊಟ್ರೂ ಪರಿಹಾರ ತಪ್ಪಂಗಿಲ್ಲ,” ಎಂದರು ವಿದ್ಯಾವತಿ. “ಆದ್ರ ಗಾಯ ಆದ ದಿನ ನೀವು ಕೆಲಸದಾಗ ಇದ್ದಿರಬೇಕು. ಪಿಂಚಣಿ ಒಪ್ಪಿ ದಸರಾಕ್ಕೇ ಕೆಲಸ ಬಿಟ್ಟೀರಿ ಅಂತ ಇದರಾಗ ಅದ. ಹೆಬ್ಬೆಟ್ಟು ನಿಮ್ದೇ ಏನ್ರಿ?”

ದಸರಾಕ್ಕೆ! ಬೆರಳು ಹೋದದ್ದು ದೀಪಾವಳಿ ಆದಮೇಲೆ. ಹೂಂ ಎಂದರೆ ಪರಿಹಾರ ಹೋಯಿತು, ಉಹೂಂ ಎಂದರೆ ಪಿಂಚಣಿ. ಭಾಗಮ್ಮ ಬಾಗಿ ಕಾಗದ ನೋಡಿದಳು. ಹೆಬ್ಬೆಟ್ಟಿನ ನಡುವೆ ಎಂದೋ ಕುಡುಗೋಲು ತಾಗಿದ ಗೆರೆ.

“ನಂದೇರಿ. ಆದ್ರ ಇದು ಎಡಗೈದು.”

“ಯಾವ ಕೈ ಆದ್ರೇನವ್ವ?” ವಕೀಲ ನಕ್ಕ.

“ಹೆಣ್ಮಕ್ಕಳು ಬಲಗೈ ಒತ್ತೋದ್ರಿ ಸಾಹೇಬ್ರ. ಹನ್ನೆರಡು ವರ್ಷ ಶನಿವಾರಕ್ಕೊಮ್ಮೆ ಗಿರಣಿ ರಿಜಿಸ್ಟರಿನಾಗ ಬಲಗೈನೇ ಒತ್ತೀನಿ. ದಸರಾಕ್ಕ ನನ್ನ ಬೆರಳು ಇತ್ತಲ್ರಿ, ಎಡಗೈ ಯಾಕ ಕೊಡ್ತಿದ್ದೆ?” ಎಂದವಳೇ ಸೆರಗಿನಿಂದ ಕೈ ತೆಗೆದು ಮೇಜಿನ ಮೇಲಿಟ್ಟಳು.

ವಕೀಲನ ನಗು ಅಲ್ಲೇ ನಿಂತಿತು. ವಿದ್ಯಾವತಿ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, “ಸೋಮವಾರ ರಿಜಿಸ್ಟರ್ ತರ್ರಿ. ಎಲ್ಲಾ ವರ್ಷದ್ದೂ” ಎಂದರು.

“ನಿನ್ನ ಪಿಂಚಣಿ ಇವತ್ತಿಗೇ ಮುಗೀತು, ತಿಳ್ಕೋ!” ಹಿಂದಿನ ಬೆಂಚಿನಿಂದ ಸಾವ್ಕಾರ ಎದ್ದು ನಿಂತ.

“ಮುಗೀಲ್ರಿ,” ಎಂದಳು.

ಸಂಜೆ ಕಮಲಾಪುರದಲ್ಲಿ ಅಂಬಿಕಾ ದಿನದಂತೆ ತಾಯಿಗೆ ಉಣಿಸಲು ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿದಳು. ಎಡಗೈಯಲ್ಲಿ ಉಣ್ಣಲು ಭಾಗಮ್ಮ ಸುತಾರಾಂ ಒಪ್ಪಿರಲಿಲ್ಲ.

“ತಾ ಇಲ್ಲಿ,” ಎಂದು ತಟ್ಟೆ ಎಳೆದುಕೊಂಡಳು. “ನಾಳಿಂದ ಕೆಲಸ ಹುಡುಕಬೇಕು. ಈ ಬಲಗೈಗೇ ರೂಢಿ ಆಗ್ಲಿ.”

ಬಲಗೈಯ ಉಳಿದೆರಡು ಬೆರಳ ನಡುವೆ ತುತ್ತು ಹಿಡಿದೆತ್ತಿದಳು. ಅರ್ಧ ಮಡಿಲಿಗೆ ಬಿತ್ತು. ಅಂಬಿಕಾ ಕೈ ಚಾಚಿದವಳು ಹಿಂದಕ್ಕೆ ತೆಗೆದುಕೊಂಡಳು. ಭಾಗಮ್ಮ ಇನ್ನೊಂದು ತುತ್ತು ಮುರಿದಳು.