ಗೂಡಿನ ದೀಪ ಅಲುಗಿದರೆ

ಮರ್ಫಿ ಟೌನಿನ ಸಾಲುಮನೆಗಳಲ್ಲಿ ಎರಡು ಮನೆಗೆ ಒಂದೇ ಗೋಡೆ. ಈಚೆ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆಚೆ ಮನೆಯವರು ಸೀನುತ್ತಿದ್ದರು. ಪಿಳ್ಳಮ್ಮನ ಮನೆಗೂ ಇಮಾಮ್ ಬೀಯ ಮನೆಗೂ ನಡುವೆ ಇದ್ದದ್ದು ಅಂಥದೇ ಒಂದು ಗೋಡೆ. ಪಿಳ್ಳಮ್ಮನ ಕಡೆಗೆ ಅದರಲ್ಲೊಂದು ಗೂಡು, ಗೂಡಿನಲ್ಲಿ ದೇವರ ದೀಪ. ಆ ಮಗ್ಗುಲಿಗೆ, ಸರಿಯಾಗಿ ಗೂಡಿನ ಬೆನ್ನಿಗೆ, ಇಮಾಮ್ ಬೀಯ ಮೊಮ್ಮಗನ ತೊಟ್ಟಿಲು.

ಯುದ್ಧ ಮುಗಿದು ದಂಡಿನ ಬಿಳಿ ಸೋಲ್ಜರುಗಳು ಗಂಟುಮೂಟೆ ಕಟ್ಟುತ್ತಿದ್ದ ವರ್ಷ ಅದು. ಪಿಳ್ಳಮ್ಮನ ಮಗ ಮುನಿಆಂಜನಪ್ಪ ಅವರ ಮೆಸ್ಸಿನಲ್ಲಿ ಕೆಲಸಕ್ಕಿದ್ದ. ಅಲ್ಲಿ ಒಬ್ಬ ಸೋಲ್ಜರು ಸಂಜೆ ಹೊತ್ತು ಹಲಗೆಯಂಥ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವುದನ್ನು ನೋಡಿ ನೋಡಿಯೇ ಇವನು ಕಲಿತಿದ್ದ. ಊರಿಗೆ ಹೊರಡುವಾಗ ಆ ಮನುಷ್ಯ ಗಿಟಾರನ್ನು ಇವನ ಕೈಗಿಟ್ಟು ಹೋದ. ಆದರೆ ಅದು ಹೊಟ್ಟೆಯಿಲ್ಲದ, ಕರೆಂಟಿನ ಗಿಟಾರು. ಬರಿದೆ ಮೀಟಿದರೆ ಸೊಳ್ಳೆಯಷ್ಟು ಸದ್ದು. ಅದಕ್ಕೆ ದನಿ ಕೊಡುವ ಪೆಟ್ಟಿಗೆಯನ್ನು ರಸೆಲ್ ಮಾರ್ಕೆಟ್ಟಿನ ಹಿಂದೆ ರೇಡಿಯೊ ರಿಪೇರಿ ಮಾಡುವ ಅಸ್ಗರ್, ಮಿಲಿಟರಿ ಹರಾಜಿನ ಸಾಮಾನು ಕೂಡಿಸಿ ಕಟ್ಟಿಕೊಟ್ಟ. ಪೆಟ್ಟಿಗೆಯ ಮುಂದೆ ಸ್ಪೀಕರು, ಬೆನ್ನು ಬಯಲು. ಬೆನ್ನಿನ ಕಡೆಯಿಂದ ಬಗ್ಗಿ ನೋಡಿದರೆ ಗಾಜಿನ ವಾಲ್ವುಗಳು ಸಾಲಾಗಿ ನಿಂತಿರುತ್ತಿದ್ದವು. ಸ್ವಿಚ್ಚು ಹಾಕಿದ ಮೇಲೆ ಅವು ನಿಧಾನವಾಗಿ ಕೆಂಪಗೆ ಹತ್ತಿಕೊಳ್ಳುತ್ತಿದ್ದವು. ಹತ್ತಿಕೊಂಡ ಮೇಲೇ ಪೆಟ್ಟಿಗೆಗೆ ಮಾತು ಬರುತ್ತಿದ್ದದ್ದು.

ಮೊದಲ ದಿನ ಅವನು ಸದ್ದಿನ ಗುಂಡಿಯನ್ನು ಒಂದಿಷ್ಟು ತಿರುಗಿಸಿ ತಂತಿ ಮೀಟಿದ್ದೇ ತಡ, ಇಮಾಮ್ ಬೀ ಬಾಗಿಲಲ್ಲಿ ನಿಂತಿದ್ದಳು.

“ಪಿಳ್ಳಮ್ಮಾ, ನಿನ್ ಮಗ ಒಳಗೆ ಬೆಕ್ಕು ಕೊಯ್ತಾವ್ನಾ?”

“ಭಜನೆ ಪದ ನುಡಿಸ್ತಾವ್ನೆ ಕಣೇ. ನಿಂಗೆ ಬೆಕ್ಕಾಗಿ ಕೇಳಿಸ್ತಾ?”

“ಪದಾನೋ ಬೆಕ್ಕೋ, ನಮ್ ಬಚ್ಚಾ ಮಲ್ಗೈತೆ ಮಾ.” ಅಷ್ಟರಲ್ಲೇ ಅವಳ ಮುಖದ ನಗು ಇಳಿದಿತ್ತು. “ಸೊಲ್ಪ ಮೆಲ್ಲಗೆ. ಬೆಚ್ಚಿ ಬೀಳಬಾರ್ದು ಅದು.”

ಪಿಳ್ಳಮ್ಮನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಮಾಮ್ ಬೀಯ ಸೊಸೆ ಉಮ್ಮೆ ಕುಲ್ಸುಂ ಈಗಾಗಲೇ ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟಿದ್ದಳು. ಎರಡನೆಯದಂತೂ ಯಾರದೋ ಮದುವೆಯ ಪಟಾಕಿ ಸದ್ದಿಗೆ ಬೆಚ್ಚಿ, ಸೆಟೆದುಕೊಂಡು, ಬೆಳಗಾಗುವುದರೊಳಗೆ ಇಲ್ಲವಾಗಿತ್ತು. ಸದ್ದೇ ಅದನ್ನು ತಿಂದದ್ದು ಎಂದು ಇಮಾಮ್ ಬೀ ನಂಬಿದ್ದಳು, ಪಿಳ್ಳಮ್ಮನೂ ನಂಬಿದ್ದಳು. ಮೂರನೆಯದು ಜಿಯಾವುಲ್ಲಾ. ಹುಟ್ಟಿದಾಗ ಒಂದು ಮೊಳದಷ್ಟೂ ಇರಲಿಲ್ಲ. ಈಗ ಕೆನ್ನೆ ತುಂಬಿಕೊಳ್ಳುತ್ತಿತ್ತು. ಇದೊಂದು ಉಳಿಯಲಿ ಎಂದು ಪಿಳ್ಳಮ್ಮ ಹಲಸೂರಿನ ಸೋಮೇಶ್ವರನಿಗೆ ಹೇಳಿಕೊಂಡಿದ್ದಳು, ಇಮಾಮ್ ಬೀ ದರ್ಗಾದಲ್ಲಿ ಹೇಳಿಕೊಂಡಿದ್ದಳು. ಎರಡು ಕಡೆಯ ಹರಕೆಯೂ ಒಂದೇ ತೊಟ್ಟಿಲಿಗೆ.

“ಈ ದೀಪದಾಣೆ ಕಣೇ,” ಎಂದಳು ಪಿಳ್ಳಮ್ಮ, ಗೂಡಿನ ಕಡೆ ಕೈ ಮಾಡಿ. “ನಮ್ಮನೆ ಸದ್ದು ನಿನ್ ಗೋಡೆ ದಾಟಿದ್ರೆ ನನ್ನ ಕೇಳು.”

ಆಣೆ ಇಟ್ಟ ಮೇಲೆ ಅದಕ್ಕೊಂದು ಅಳತೆ ಬೇಕಲ್ಲ. ಪಿಳ್ಳಮ್ಮನೇ ಕಂಡುಹಿಡಿದಳು. ಪೆಟ್ಟಿಗೆ ಗೂಡಿನ ಕೆಳಗಿನ ಮಣೆಯ ಮೇಲೆ ಇರಬೇಕು. ಮಗ ಎದುರಿನ ಮಂಚದ ಮೇಲೆ ಕೂತು ನುಡಿಸಬೇಕು. ದೀಪದ ಕುಡಿ ನೆಟ್ಟಗಿರುವ ತನಕ ನುಡಿಸಬಹುದು. ಕುಡಿ ಒಂಚೂರು ಅಲುಗಿದರೂ ಗುಂಡಿ ತಗ್ಗಿಸಬೇಕು.

“ಇಷ್ಟ್ರಲ್ಲಿ ಏನ್ ನುಡಿಸ್ಲಿ ಅವ್ವಾ? ಪೆಟ್ಟಿಗೆ ಬಾಯಿಗೆ ಬಟ್ಟೆ ತುರುಕಿದಂಗಾಯ್ತು.”

“ದೇವ್ರಿಗೆ ಕೇಳಿಸ್ತದೆ, ನುಡಿಸು ಕಣ್ಲಾ. ಅವನ್ಗೇನ್ ಕಿವುಡಾ?”

ಮುನಿಆಂಜನಪ್ಪ ಗೊಣಗಿಕೊಂಡೇ ಒಪ್ಪಿದ. ಬರಬರುತ್ತಾ ಆ ಸಣ್ಣ ಸದ್ದಿಗೂ ಒಂದು ರುಚಿ ಹತ್ತಿತು. ತಾಯಿ ರಾಗಿ ಬೀಸುವಾಗ ಹಾಡುತ್ತಿದ್ದ ಪದಗಳನ್ನು ಅವನು ತಂತಿಯ ಮೇಲೆ ಜಾರಿಸಿದರೆ, ಪಕ್ಕದಲ್ಲಿ ಯಾರೋ ಬಾಯಿ ಮುಚ್ಚಿ ಗುನುಗುತ್ತಿರುವಂತೆ ಕೇಳುತ್ತಿತ್ತು.

ಇವರ ಮನೆ ಒಂದೇ ಅಲ್ಲ, ಇಡೀ ಸಾಲು ಆ ಕೂಸಿಗಾಗಿ ದನಿ ತಗ್ಗಿಸಿತ್ತು. ಕಲಾಯಿಯವನು ಬೀದಿಯ ಆ ತುದಿಗೆ ಹೋಗಿ ಪಾತ್ರೆ ಬಡಿಯುತ್ತಿದ್ದ. ಈರುಳ್ಳಿ ಗಾಡಿಯವನು ಈ ಬೀದಿಗೆ ಬಂದರೆ ಕೂಗದೆ ಬಾಗಿಲು ಬಾಗಿಲಿಗೆ ಇಣುಕಿ ಕೇಳುತ್ತಿದ್ದ. ಹಬ್ಬಕ್ಕೆ ಯಾರೂ ಪಟಾಕಿ ತರಲಿಲ್ಲ. ಇಷ್ಟು ಜನ ಒಂದು ಕೂಸಿಗಾಗಿ ಉಸಿರು ಬಿಗಿಹಿಡಿದಿರುವಾಗ ಭಗವಂತ ಕೈಬಿಡುವುದಿಲ್ಲ ಎಂಬ ಧೈರ್ಯ ಪಿಳ್ಳಮ್ಮನಿಗೆ ಬಂದಿತ್ತು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಮುನಿಆಂಜನಪ್ಪ ನುಡಿಸುತ್ತಾ ಕೂತಿದ್ದವನು, ಬೀದಿಯಲ್ಲಿ ಅಸ್ಗರ್ ಕರೆದನೆಂದು ಎದ್ದು ಟೀ ಅಂಗಡಿಗೆ ಹೋದ. ಗಿಟಾರನ್ನು ಪೆಟ್ಟಿಗೆಗೆ ತಗುಲಿಸಿದ ವೈರಿನ ಸಮೇತ ಮಂಚದ ಮೇಲೆ ಹಾಗೇ ಬಿಟ್ಟಿದ್ದ. ಆರಿಸಿದರೆ ಮತ್ತೆ ಕಾಯುವ ತನಕ ಕೂರಬೇಕಲ್ಲ ಎಂದು ಪೆಟ್ಟಿಗೆಯನ್ನೂ ಹಾಗೇ ಬಿಟ್ಟಿದ್ದ.

ಪಿಳ್ಳಮ್ಮ ಸಂತೆಗೆ ಹೊರಟಿದ್ದಳು. ಬೀಗ ಹಾಕುವ ಮನೆಯಲ್ಲಿ ದೀಪ ಉರಿಯಬಾರದು. ಹಾಗೆಂದು ಅವಳು ಎಂದೂ ದೀಪವನ್ನು ಬಾಯಿಂದ ಊದಿದವಳಲ್ಲ. ಎಂಜಲುಸಿರು ದೀಪಕ್ಕೆ ತಾಕಬಾರದು. ‘ಆರಿಸು’ ಎಂಬ ಮಾತನ್ನೂ ಆಡುತ್ತಿರಲಿಲ್ಲ. ಒಂದು ಹೂವನ್ನು ಹಾಲಿನಲ್ಲಿ ಅದ್ದಿ ಕುಡಿಗೆ ಮುಟ್ಟಿಸಿ, “ಶಾಂತವಾಗು ತಾಯಿ, ಹೋಗಿ ಬಾ,” ಎಂದು ಕಳಿಸುತ್ತಿದ್ದಳು. ಅವಳ ಅತ್ತೆ ಕಲಿಸಿದ್ದು ಅದು. ಅವತ್ತೂ ಗೂಡಿನ ದೀಪವನ್ನು ಹಾಗೇ ಕಳಿಸಿ ತಿರುಗುವಾಗ ಪೆಟ್ಟಿಗೆಯ ಬೆನ್ನಲ್ಲಿ ಕೆಂಪು ಕಂಡಿತು. ಅವು ಇನ್ನೂ ಉರಿಯುತ್ತಿದ್ದವು.

ಮೊದಲು ಲಾಟೀನಿನ ಬತ್ತಿ ಇಳಿಸುವಂತೆ ಇಳಿಸೋಣವೆಂದು ಗುಂಡಿಯನ್ನು ತಿರುಗಿಸಿದಳು. ಬೆಳಕು ಇಳಿಯಲಿಲ್ಲ. ಇನ್ನೂ ತಿರುಗಿಸಿದಳು. ಅದು ಸದ್ದು ಏರುವ ಕಡೆಯೆಂದು ಅವಳಿಗೆ ತಿಳಿಯದು. ಕೊನೆ ಮುಟ್ಟಿ ಗುಂಡಿ ನಿಂತಿತು. ಪೆಟ್ಟಿಗೆಯೊಳಗೆ ಜೇನುಗೂಡಿನಂಥ ಒಂದು ಗುಂಯ್ ಎದ್ದಿತು, ಬೆಳಕು ಮಾತ್ರ ಹಾಗೇ ಇತ್ತು. ಇದೂ ದೀಪವೇ ತಾನೇ, ಇದಕ್ಕೂ ಅದೇ ಮರ್ಯಾದೆ ಎಂದುಕೊಂಡು ಹೂವನ್ನು ಮತ್ತೆ ಹಾಲಿನಲ್ಲಿ ಅದ್ದಿ, ಒಂದು ವಾಲ್ವಿನ ನೆತ್ತಿಯ ಮೇಲಿದ್ದ ತಗಡಿನ ಟೊಪ್ಪಿಗೆ ಮುಟ್ಟಿಸಿದಳು.

“ಶಾಂತವಾಗು ತಾಯಿ...”

ಪೆಟ್ಟಿಗೆ ಅಬ್ಬರಿಸಿತು.

ಅಂಥ ಸದ್ದನ್ನು ಪಿಳ್ಳಮ್ಮ ಹುಟ್ಟಿದಂದಿನಿಂದ ಕೇಳಿರಲಿಲ್ಲ. ಕಿವಿಯಿಂದ ಬಂದದ್ದಲ್ಲ ಅದು, ನೆಲದಿಂದ ಹತ್ತಿ ಹಲ್ಲಿಗೆ ಬಂದದ್ದು. ಕೈ ಕಿತ್ತುಕೊಂಡಳು. ಆದರೂ ನಿಲ್ಲಲಿಲ್ಲ. ಈಗ ಮಂಚದ ಮೇಲಿನ ಗಿಟಾರು ಪೆಟ್ಟಿಗೆಯ ಸದ್ದಿಗೆ ತಾನೇ ನಡುಗಿ, ಯಾರೂ ಮುಟ್ಟದೆ ತನ್ನಷ್ಟಕ್ಕೆ ಊಳಿಡಲು ಶುರುಮಾಡಿತು. ಗಿಟಾರು ಕೂಗಿದಷ್ಟೂ ಪೆಟ್ಟಿಗೆ ಕೂಗಿತು, ಪೆಟ್ಟಿಗೆ ಕೂಗಿದಷ್ಟೂ ಗಿಟಾರು. ನೆಲುವಿನ ಮಡಕೆಗಳು ಒಂದಕ್ಕೊಂದು ಬಡಿದುಕೊಂಡವು. ಗೂಡಿನಿಂದ ದೀಪದ ತಟ್ಟೆ ಜಾರಿ ಬಿತ್ತು. ಹಂಚಿನ ಮೇಲಿನ ಕಾಗೆಗಳೆಲ್ಲ ಒಮ್ಮೆಗೇ ಎದ್ದವು. ಪಿಳ್ಳಮ್ಮ ಹಾಲು ತೊಟ್ಟಿಕ್ಕುವ ಹೂವು ಹಿಡಿದು ಕಲ್ಲಿನಂತೆ ನಿಂತಿದ್ದಳು. ಓಡಿ ಬಂದ ಮಗ ವೈರು ಕಿತ್ತೆಸೆದ ಮೇಲೆ ಸದ್ದು ನರಳಿಕೊಂಡು ಸತ್ತಿತು.

ಆ ಮೇಲಿನ ನಿಶ್ಶಬ್ದದಲ್ಲಿ ಅವಳಿಗೆ ಒಂದೇ ಒಂದು ನೆನಪಾಯಿತು. ಗೋಡೆಯ ಆಚೆ ತೊಟ್ಟಿಲು.

“ಕೂಸು,” ಎಂದಳು.

ಪಕ್ಕದ ಮನೆಗೆ ಹೇಗೆ ಹೋದಳೋ ಅವಳಿಗೇ ತಿಳಿಯದು. ಒಳಗೆ ಇಮಾಮ್ ಬೀ ಚೆಲ್ಲಿದ ಅಕ್ಕಿಯ ನಡುವೆ ಕುಸಿದು ಕೂತು ಎದೆ ಹಿಡಿದುಕೊಂಡಿದ್ದಳು. ತೊಟ್ಟಿಲ ಕಡೆ ನೋಡುವ ಧೈರ್ಯ ಅವಳಿಗೂ ಇರಲಿಲ್ಲ. ಉಮ್ಮೆ ಕುಲ್ಸುಂ ಗೋಡೆಗೆ ಒರಗಿ ನಿಂತಿದ್ದಳು.

ಪಿಳ್ಳಮ್ಮ ತೊಟ್ಟಿಲ ಬಟ್ಟೆ ಸರಿಸಿದಳು.

ಜಿಯಾವುಲ್ಲಾ ಎಚ್ಚರವಾಗಿದ್ದ. ಮುಷ್ಟಿಯನ್ನು ಬಾಯಿಗಿಟ್ಟು ಚೀಪುತ್ತಾ, ಮೇಲೆ ತೂಗುತ್ತಿದ್ದ ಬಣ್ಣದ ಚಿಂದಿಯನ್ನು ನೋಡುತ್ತಿದ್ದ. ಪಿಳ್ಳಮ್ಮನ ಮುಖ ಕಂಡದ್ದೇ ನಕ್ಕ.

“ಅಲ್ಲಾ ಕಾಪಾಡ್ದ,” ಎಂದು ಇಮಾಮ್ ಬೀ ಅಳತೊಡಗಿದಳು. “ಬೆಚ್ಚಲೇ ಇಲ್ಲ ನೋಡು ಪಿಳ್ಳಮ್ಮಾ. ಏನ್ ಗಟ್ಟಿ ಎದೆ ಕಣೇ ನನ್ ಸಿಂಹಕ್ಕೆ.”

ಪಿಳ್ಳಮ್ಮ ನಗಹೋದಳು. ನಗು ಅರ್ಧಕ್ಕೆ ನಿಂತಿತು. ಕಾಗೆಗಳು ಬೆಚ್ಚಿದ್ದವು. ಬೀದಿಯ ತುದಿಯಲ್ಲಿ ಯಾರದೋ ಹಸು ಹಗ್ಗ ಕಿತ್ತುಕೊಂಡು ಓಡಿತ್ತು. ಈ ಕೂಸು ಮಾತ್ರ ಮುಷ್ಟಿ ಚೀಪುತ್ತಿದೆ. ಅವಳು ಮೆಲ್ಲಗೆ ತೊಟ್ಟಿಲ ತಲೆಯ ಕಡೆಗೆ, ಕೂಸಿಗೆ ಕಾಣದಂತೆ ಸರಿದು, ಅದರ ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದಳು. ಕೂಸು ಚಿಂದಿಯನ್ನೇ ನೋಡುತ್ತಿತ್ತು. ಇನ್ನೊಮ್ಮೆ ತಟ್ಟಿದಳು. ರೆಪ್ಪೆ ಕೂಡ ಅಲುಗಲಿಲ್ಲ.

ಇಮಾಮ್ ಬೀಯ ಅಳು ನಿಂತಿತು.

ಪಿಳ್ಳಮ್ಮ ತಲೆಯೆತ್ತಿದಾಗ ಉಮ್ಮೆ ಕುಲ್ಸುಂ ತೊಟ್ಟಿಲನ್ನು ನೋಡುತ್ತಿರಲಿಲ್ಲ. ಇವರಿಬ್ಬರ ಮುಖಗಳನ್ನೇ ನೋಡುತ್ತಿದ್ದಳು.

“ನಂಗೆ ಗೊತ್ತಿತ್ತು ಅಮ್ಮಾ,” ಎಂದಳು. “ಒಂದಿನ ಕೈಜಾರಿ ಕೊಳಗ ಬಿತ್ತು. ಓಡಿ ಬಂದೆ. ಕಣ್ಣು ಬಿಟ್ಕೊಂಡಿದ್ದ. ತಿರುಗಿ ನೋಡ್ಲಿಲ್ಲ.”

“ಹೇಳ್ಬಾರ್ದಾಗಿತ್ತೇನೇ ತಾಯಿ?” ಎಂದಳು ಪಿಳ್ಳಮ್ಮ.

“ನೀವೆಲ್ಲ ಅವನಿಗೋಸ್ಕರ ಮೆಲ್ಲಗೆ ನಡೀತಿದ್ರಿ. ಅವನಿಗೆ ಕೇಳ್ಸೋದೇ ಇಲ್ಲ ಅಂತ ಹೆಂಗೆ ಹೇಳ್ಲಿ?”

ಬೀದಿಗೆ ಬೀದಿಯೇ ಸದ್ದಡಗಿಸಿ ಕಾದದ್ದು, ಇಟ್ಟ ಆಣೆ, ಅಳತೆಯ ದೀಪ, ಎಲ್ಲವೂ ಸೇರಿ ಒಂದು ಕೂಸಿನ ಕಿವಿಯನ್ನು ಎಲ್ಲರಿಂದ ಬಚ್ಚಿಟ್ಟಿದ್ದವು. ತಮ್ಮೆದುರಿಗೆ ಯಾರಾದರೂ ಒಬ್ಬರು ಒಂದು ತಟ್ಟೆ ಬೀಳಿಸಿದ್ದರೆ ಸಾಕಿತ್ತು. ಕೂಸು ಉಳಿಯಲೆಂದು ಬೇಡಿಕೊಂಡಿದ್ದರು, ಕೂಸು ಉಳಿದಿತ್ತು. ಇನ್ನು ಸೋಮೇಶ್ವರನನ್ನು ಏನೆಂದು ಕೇಳುವುದು? ಪಿಳ್ಳಮ್ಮ ಇಮಾಮ್ ಬೀಯ ಪಕ್ಕ ಕೂತು ಚೆಲ್ಲಿದ ಅಕ್ಕಿಯನ್ನು ಬಳಿಯತೊಡಗಿದಳು. ಇಮಾಮ್ ಬೀಯೂ ಬಳಿದಳು. ಅಕ್ಕಿ ಮುಗಿದ ಮೇಲೂ ಇಬ್ಬರ ಕೈಗಳು ನೆಲ ಸವರುತ್ತಲೇ ಇದ್ದವು.

ಮುನಿಆಂಜನಪ್ಪ ಆಮೇಲೆ ಪೆಟ್ಟಿಗೆಗೆ ಕಂಬಳಿ ಹೊದಿಸಿ ಮೂಲೆಗೆ ನೂಕಿದ. “ಅಸ್ಗರ್‌ಗೇ ವಾಪಸ್ ಕೊಟ್ಬಿಡ್ತೀನಿ ಅವ್ವಾ,” ಎಂದ. ಆದರೂ ಪೆಟ್ಟಿಗೆ ಮೂಲೆಯಲ್ಲೇ ಇದ್ದು ಎರಡು ದಿನ ಕಳೆಯಿತು.

ಮೂರನೆಯ ಸಂಜೆ ದೀಪ ಹಚ್ಚುವ ಹೊತ್ತಿಗೆ ಉಮ್ಮೆ ಕುಲ್ಸುಂ ಕೂಸನ್ನೆತ್ತಿಕೊಂಡು ಒಳಗೆ ಬಂದಳು. ಹಿಂದೆ ಇಮಾಮ್ ಬೀ. ಮೂವರೂ ಮಂಚದ ಪಕ್ಕ, ಗೂಡಿಗೆ ಎದುರಾಗಿ ಕೂತರು.

“ಬಾರ್ಸಿ ಅಣ್ಣಾ,” ಎಂದಳು ಉಮ್ಮೆ ಕುಲ್ಸುಂ.

“ಈಗ ಯಾಕಮ್ಮಾ ಅದೆಲ್ಲ?”

“ಗೋಡೆ ಆಚೆಯಿಂದ್ಲೇ ಕೇಳಿದ್ದು ನಾನು. ಎದುರಿಗೆ ಕೂತು ಒಂದ್ಸಲ ಕೇಳ್ತೀನಿ.”

ಅವನು ತಾಯಿಯ ಮುಖ ನೋಡಿದ. ಪಿಳ್ಳಮ್ಮ ದೀಪ ಹಚ್ಚಿ ಗೂಡಿನಲ್ಲಿಟ್ಟಳು. ಪೆಟ್ಟಿಗೆ ಮತ್ತೆ ಮಣೆ ಏರಿತು. ವಾಲ್ವುಗಳು ಕೆಂಪಾಗುವ ತನಕ ಎಲ್ಲರೂ ಕಾದರು. ಮುನಿಆಂಜನಪ್ಪ ಎಂದಿನ ಅಳತೆಗೆ ಗುಂಡಿ ಇಟ್ಟು ರಾಗಿ ಬೀಸುವ ಪದ ತೆಗೆದ. ದೀಪದ ಕುಡಿ ನೆಟ್ಟಗಿತ್ತು. ಕೂಸು ತಾಯಿಯ ಬಳೆ ಎಳೆಯುತ್ತಿತ್ತು.

“ಇನ್ನೂ ಸೊಲ್ಪ,” ಎಂದಳು ಉಮ್ಮೆ ಕುಲ್ಸುಂ.

ಅವನ ಕೈ ಏಳಲಿಲ್ಲ. ಆಗ ಇಮಾಮ್ ಬೀ ಎದ್ದು ಹೋಗಿ, ಯಾವತ್ತೂ ಮುಟ್ಟದ ಆ ಗುಂಡಿಯನ್ನು ತಾನೇ ತಿರುಗಿಸಿದಳು. ಸ್ವರ ಕೋಣೆ ತುಂಬಿತು, ಗೋಡೆ ದಾಟಿತು, ಬೀದಿಗೆ ಇಳಿಯಿತು. ಗೂಡಿನಲ್ಲಿ ಕುಡಿ ನಡುಗಿತು. ತಂತಿ ಏರಿದರೆ ಬಾಗಿತು, ಇಳಿದರೆ ನಿಮಿರಿತು.

ಜಿಯಾವುಲ್ಲಾ ಬಳೆ ಬಿಟ್ಟ. ಅವನ ಕಣ್ಣು ದೀಪಕ್ಕೆ ಅಂಟಿಕೊಂಡಿತು. ಕುಡಿ ಬಾಗಿದತ್ತ ಅವನ ತಲೆಯೂ ಬಾಗುತ್ತಿತ್ತು.

ದೀಪ ಅಲುಗಿದರೆ ಪೆಟ್ಟಿಗೆ ತಗ್ಗಿಸಬೇಕೆಂಬುದು ಪಿಳ್ಳಮ್ಮನ ಮನೆಯ ಕಟ್ಟಳೆ. ಮುನಿಆಂಜನಪ್ಪ ನುಡಿಸುತ್ತಲೇ ತಾಯಿಯ ಕಡೆ ನೋಡಿದ. ಪಿಳ್ಳಮ್ಮ ಕೂಸಿನ ಕಣ್ಣನ್ನು ನೋಡುತ್ತಿದ್ದಳು. ಎದ್ದು ಹೋಗಿ ಬತ್ತಿಯನ್ನು ಒಂಚೂರು ಮುಂದಕ್ಕೆ ಎಳೆದಳು, ಕುಡಿ ದೊಡ್ಡದಾಗಿ ಕಾಣಲೆಂದು.