ಮುಳ್ಳು ಏಳಲಿಲ್ಲ ಎಂಬಲ್ಲಿಂದ

೧

ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ನಲ್ಲಿಯಾದರೆ ನನಗೆ ಗೊತ್ತು: ಮೊದಲು ಮೇನ್ ವಾಲ್ವ್ ಬಂದ್ ಮಾಡಬೇಕು. ಮೂವತ್ತು ವರ್ಷ ಊರವರ ನಲ್ಲಿ, ಪೈಪು ರಿಪೇರಿ ಮಾಡಿದವಳು ನಾನು. ಕಥೆಯ ಮೇನ್ ವಾಲ್ವ್ ಎಲ್ಲಿರುತ್ತದೆಂದು ರಾತ್ರಿ ಶಾಲೆಯ ಟೀಚರಮ್ಮ ಹೇಳಿಕೊಡಲಿಲ್ಲ. ಪೀಠಿಕೆ, ವಿಷಯ, ಮುಕ್ತಾಯ ಎಂದು ಬೋರ್ಡಿನ ಮೇಲೆ ಬರೆದು, ಅಳಿಸಿಬಿಟ್ಟರು.

(ಅಡುಗೆಮನೆಯಲ್ಲಿ ಟಪ್ ಟಪ್ ಎನ್ನುತ್ತಿರುವುದು ನಮ್ಮದೇ ನಲ್ಲಿ. ಅದರ ಕಡೆ ಗಮನ ಕೊಡಬೇಡಿ. ಹದಿನೈದು ದಿನದಿಂದ ನಾನೂ ಕೊಡುತ್ತಿಲ್ಲ.)

ಇಷ್ಟು ಮಾತ್ರ ಖಾತ್ರಿ. ಒಂದು ಸೆಕೆಂಡ್ ಹ್ಯಾಂಡ್ ಎಕ್ಸ್‌ಕವೇಟರ್ ಇದೆ. ಮಣ್ಣು ತೋಡುವ ಯಂತ್ರ, ಮೈತುಂಬ ಹಳದಿ. ಹನ್ನೊಂದು ವರ್ಷ ಬೇರೆಯವರ ಯಂತ್ರ ಓಡಿಸಿ, ಈಗ ಮೊದಲ ಸಲ ತನ್ನದೇ ಒಂದನ್ನು ಕೊಳ್ಳಲು ಹೊರಟ ಆಪರೇಟರಕ್ಕ ಇದ್ದಾಳೆ. ಅದನ್ನು ಪರೀಕ್ಷಿಸಿ ‘ಹೂಂ ಅಕ್ಕ, ತಗೊಳ್ಳಿ’ ಎಂದ ಮೆಕ್ಯಾನಿಕ್ ಇದ್ದಾಳೆ. ಅವಳು ನನ್ನ ಮಗಳು. ಮಾರುವವನು ಗ್ಯಾರಂಟಿ ಮಾವ. ತನ್ನ ಹಳೆ ಯಂತ್ರಗಳ ಯಾರ್ಡಿನಲ್ಲಿ ತುಕ್ಕು ಹಿಡಿದು ಬಿದ್ದ ಬೋಲ್ಟಿಗೂ ಗ್ಯಾರಂಟಿ ಕೊಡುವ ಮನುಷ್ಯ.

‘ಮೂರು ದಿನ ಓಡ್ಸಿ ನೋಡಿ,’ ಎಂದಿದ್ದ. ‘ಬೇಡ ಅಂದ್ರೆ ಮೂರನೇ ದಿನ ಸಾಯಂಕಾಲ ಐದಕ್ಕೆ ಬಂದು ಎತ್ಕೊಂಡ್ ಹೋಗ್ತೀನಿ. ಇನ್ನೊಬ್ರು ಕಾಯ್ತಾ ಇದಾರೆ.’

ಯಾರ್ಡಿನಲ್ಲಿ ಪರೀಕ್ಷೆ ಮಾಡಿದಾಗ ಚೆನ್ನಾಗಿ ಎದ್ದು ನಿಂತಿದ್ದ ಟೆಂಪರೇಚರ್ ಮುಳ್ಳು, ನಮ್ಮ ಮನೆಯೆದುರಿನ ಖಾಲಿ ಸೈಟಿಗೆ ಬಂದ ಮೊದಲ ದಿನವೇ ಏಳಲಿಲ್ಲ. ಇಂಜಿನ್ ಕಾದು ಬಿಸಿ ಉಸಿರು ಬಿಡುತ್ತಿದೆ, ಮುಳ್ಳು ಮಾತ್ರ ತಣ್ಣಗೆ ಮಲಗಿದೆ.

೨ (ಹೊಡೆದು ಹಾಕಿದ ಕರಡು)

ಯಾರ್ಡಿನಲ್ಲಿ ಒಂದು ಇಲಿಯಿತ್ತು. ಅದಕ್ಕೆ ವೈರೆಂದರೆ ಪ್ರಾಣ. ಒಂದು ಮಧ್ಯಾಹ್ನ ಅದು ಹಳದಿ ಯಂತ್ರದ ಹೊಟ್ಟೆಯೊಳಗೆ...

‘ಅಮ್ಮ, ನಿಲ್ಸು,’ ಎಂದು ಮಗಳು ಕಥೆಯೊಳಗಿಂದ ತಲೆ ಹೊರಗೆ ಹಾಕಿದಳು. ‘ಎರಡನೇ ದಿನ ನಾನೇ ಸೆನ್ಸರಿಂದ ವೈರ್ ಕಿತ್ತು ಇಂಜಿನ್ ಮೈಗೆ ತಾಗ್ಸಿದ್ನಲ್ಲ? ಮುಳ್ಳು ಛಂಗನೆ ಮೇಲಕ್ಕೆ ಹಾರ್ತು. ಅಂದ್ರೆ ವೈರೂ ಸರಿ, ಮೀಟರೂ ಸರಿ. ಇಲಿ ಪಾಪ ಏನ್ ಮಾಡಿತ್ತು?’

‘ಇಲಿ ಇದ್ರೆ ಕಥೆಗೊಂದು ಕಳೆ ಕಣೇ.’

‘ಬೆಕ್ಕನ್ನೂ ಹಾಕ್ಕೋ. ಮುಳ್ಳು ಏಳಲ್ಲ.’

೨ (ಮತ್ತೊಮ್ಮೆ)

ಸರಿ, ವೈರು ಬಿಟ್ಟರೆ ಉಳಿದದ್ದು ಸೆನ್ಸರ್. ಹೆಬ್ಬೆರಳಿನ ಗಾತ್ರದ ಹಿತ್ತಾಳೆ ತುಂಡು. ನೀರಿನ ಬಿಸಿ ನೋಡಿ ಮುಳ್ಳಿಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಗ್ಯಾರಂಟಿ ಮಾವ ಒಳ್ಳೆಯದನ್ನು ಬಿಚ್ಚಿಟ್ಟುಕೊಂಡು ಕೆಟ್ಟದ್ದನ್ನು ಹಾಕಿದ, ಹಾಕಿ ಮೀಸೆಯಡಿ ನಕ್ಕ, ಎಂದು ಬರೆದೆ. (ಅವನಿಗೆ ಮೀಸೆಯಿಲ್ಲ. ನಾನೇ ಬರೆದುಕೊಟ್ಟೆ.)

ಈ ಸಲ ಎದ್ದು ಬಂದವಳು ಆಪರೇಟರಕ್ಕ. ‘ಅಜ್ಜೀ, ಹೊಸ ಸೆನ್ಸರ್ ತಂದು ಹಾಕಿದ್ರೂ ಮುಳ್ಳು ಎದ್ದಿಲ್ಲ. ಅವ್ನು ಅಂಗಡಿಗೂ ಹೋಗಿ ಬದಲಾಯ್ಸಿದ್ನಾ? ಅಲ್ಲಾ, ಎರಡನ್ನೂ ತಿರುಗ್ಸಿ ಕೂರ್ಸಿದ್ದು ನೀವೇ ಅಲ್ವಾ?’

(ಕೊನೆಯ ವಾಕ್ಯವನ್ನು ಹೊಡೆದು ಹಾಕಲು ಹೋದೆ. ಪೆನ್ನು ಮೂಡಲಿಲ್ಲ.)

೪

ಮೂರು ಎಲ್ಲಿ ಎನ್ನುತ್ತೀರಾ? ಅದರಲ್ಲಿ ನಾನು ಬಹಳ ಒಳ್ಳೆಯವಳಾಗಿದ್ದೆ. ಹರಿದು ಹಾಕಿದೆ.

ಮೂರನೇ ದಿನ, ಮಧ್ಯಾಹ್ನ ಮೂರು ಗಂಟೆ. ಮಗಳು ಆಪರೇಟರಕ್ಕನ ಮುಖ ನೋಡದೆ ಹೇಳಿದಳು: ‘ವಾಪಸ್ ಕೊಟ್ಬಿಡಿ ಅಕ್ಕ. ನನ್ ಕಣ್ಣಿಗೇ ಕಾಣದ ಫಾಲ್ಟು ನಿಮ್ ತಲೆಗೆ ಬೇಡ.’

‘ಮುಳ್ಳಿಲ್ದೆ ನಾನೂ ಸೀಟ್ ಹತ್ತಲ್ಲ ಬಿಡು. ಹಿಂದೆ ಒಬ್ರ ಯಂತ್ರ ಹಿಂಗೇ ಗೊತ್ತಾಗ್ದೆ ಕಾದು ಜಾಮ್ ಆಯ್ತು. ಮೀಟರ್ ಸತ್ತಿತ್ತು, ಬೈಸ್ಕೊಂಡಿದ್ದು ನಾನು.’

ಹಾಗೆಂದು ಕ್ಯಾಬಿನ್ ಹತ್ತಿದಳು. ಮೊದಲ ದಿನ ಅಲ್ಲಿ ನೇತುಹಾಕಿದ್ದ ತನ್ನ ಅಂಗೈಯಗಲದ ಕನ್ನಡಿಯನ್ನು ಬಿಚ್ಚಿ, ಸೆರಗಿನಲ್ಲಿ ಒರೆಸಿ, ಚೀಲದೊಳಗಿಟ್ಟಳು. ಆಮೇಲೆ ತನ್ನದಲ್ಲದ ಸೀಟನ್ನೂ ಒರೆಸಿದಳು.

ನನಗೆ ತಡೆಯಲಾಗಲಿಲ್ಲ. ‘ಇನ್ನೂ ಎರಡು ಗಂಟೆ ಇದೆ. ಆ ಸೆನ್ಸರನ್ನ ಕುದಿಸಿ ನೋಡೋಣ,’ ಎಂದೆ. ಬಿಚ್ಚಿ ತಂದವಳೂ ನಾನೇ. ಅದು ಕೂರುವ ಸಂದಿಗೆ ಮೂವರಲ್ಲಿ ನನ್ನ ಕೈಯೊಂದೇ ತೂರುವುದು.

ಒಲೆಯ ಮೇಲೆ ಟೀ ಪಾತ್ರೆ, ಪಾತ್ರೆಯಲ್ಲಿ ನೀರು, ನೀರಿನಲ್ಲಿ ಸೆನ್ಸರಿನ ತುದಿ. ಪರೀಕ್ಷೆ ಮಾಡುವ ಮೀಟರಿನ ಎರಡು ಕಡ್ಡಿಗಳಲ್ಲಿ ಮಗಳದ್ದು ಸೆನ್ಸರಿನ ನೆತ್ತಿಗೆ, ನನ್ನದು ಅದರ ಮೈಗೆ. ನೀರು ಕಾದಂತೆ ಆ ಮೀಟರಿನಲ್ಲಿ ಅಂಕಿ ಇಳಿಯುತ್ತ ಹೋದರೆ ಸೆನ್ಸರಿಗೆ ಜೀವವಿದೆ ಎಂದರ್ಥ.

ಅಂಕಿಯೇ ಬರಲಿಲ್ಲ.

‘ಅಮ್ಮ, ಸರಿಯಾಗಿ ಒತ್ತೇ.’

ಒತ್ತುವಾಗ ಕಡ್ಡಿ ಜಾರಿತು. ಜಾರಿ ಮೇಲಿನ ಬರಿ ಹಿತ್ತಾಳೆಗೆ ತಾಗಿತು. ಅಂಕಿ ಬಂತು! ಮೆಟ್ಟಿಲಿಳಿಯುವ ಮಗುವಿನ ಹಾಗೆ ಒಂದೊಂದೇ ಇಳಿಯತೊಡಗಿತು. ಕಡ್ಡಿಯನ್ನು ಕೆಳಗೆ, ತಿರುಪಿನ ಸುತ್ತಿನ ಮೇಲೆ ತಂದೆ. ಅಂಕಿ ಮಾಯ. ಮೇಲೆ, ಉಂಟು. ಕೆಳಗೆ, ಇಲ್ಲ.

ಕೆಳಗೆ ಏನಿತ್ತು?

ಓದುಗರೇ, ಇನ್ನು ಮೇನ್ ವಾಲ್ವ್ ಬಂದ್ ಮಾಡಿ ಪ್ರಯೋಜನವಿಲ್ಲ, ಹರಿಯಲಿ. ಕೆಳಗಿದ್ದದ್ದು ನನ್ನ ಬಿಳಿ ಟೇಪು. ನಲ್ಲಿಗೆ ಸುತ್ತುವ ಟೇಪು. ಯಾರ್ಡಿನಲ್ಲಿ ಪರೀಕ್ಷೆ ಮುಗಿದು ಇಂಜಿನ್ ತಣಿದ ಮೇಲೆ, ಮಗಳು ನೋಡಬೇಕೆಂದಳೆಂದು ಸೆನ್ಸರ್ ಬಿಚ್ಚಿಕೊಟ್ಟೆ. ನೋಡಿ, ಒರೆಸಿ, ‘ಹಾಕಮ್ಮ’ ಎಂದು ಫೋನಿಗೆ ಹೋದಳು. ತಿರುಪು ಕಂಡ ಕೈ ಸುಮ್ಮನಿರುತ್ತದೆಯೇ? ಸೋರದಿರಲೆಂದು ಏಳು ಸುತ್ತು ಸುತ್ತಿದೆ. ಹೊಸದಕ್ಕೆ, ಮಗಳ ಮೇಲಿನ ಪ್ರೀತಿಯಿಂದ, ಒಂಬತ್ತು.

ಈ ಸೆನ್ಸರಿಗೆ ಇರುವುದು ಒಂದೇ ವೈರು. ಕರೆಂಟಿನ ಇನ್ನೊಂದು ದಾರಿ, ಮಗಳ ಭಾಷೆಯಲ್ಲಿ ‘ಅರ್ತ್’, ಅದರ ಮೈಯೇ: ಹಿತ್ತಾಳೆ ಹೋಗಿ ಇಂಜಿನ್ನಿನ ಕಬ್ಬಿಣಕ್ಕೆ ತಾಗಬೇಕು. ಅಂಥದಕ್ಕೆ ನಾನು ಸ್ವೆಟರ್ ಹಾಕಿ ಕೂರಿಸಿದ್ದೆ. ಸೋರದಿರಲು ರಬ್ಬರ್ ವಾಷರ್ ಮೊದಲೇ ಇತ್ತು, ಅದೊಂದೇ ಸಾಕಾಗಿತ್ತು.

೫

ಮಗಳು ಸ್ಪ್ಯಾನರ್ ತರಲು ಆಚೆ ತಿರುಗಿದಳು. ನಾನು ಸೆನ್ಸರ್ ಒರೆಸುವ ನೆಪದಲ್ಲಿ ಉಗುರಿನಿಂದ ಟೇಪು ಬಿಡಿಸಿ, ಉಂಡೆ ಮಾಡಿ, ರವಿಕೆಯೊಳಗೆ ಸೇರಿಸಿಬಿಟ್ಟೆ. (ಅರವತ್ತೊಂಬತ್ತು ವರ್ಷ. ಈಗ ಕಳ್ಳತನ.)

ನಾಲ್ಕೂವರೆಗೆ ಇಂಜಿನ್ ಶುರುವಾಯಿತು. ಮೂವರೂ ಕ್ಯಾಬಿನ್ನಿನ ಬಾಗಿಲಲ್ಲಿ ತಲೆ ತೂರಿಸಿ ನಿಂತೆವು. ಮುಳ್ಳು ಮೈಮುರಿಯಿತು. ಎದ್ದಿತು. ಹಸಿರು ಪಟ್ಟಿಯ ನಡುವೆ ನೆಟ್ಟಗೆ ನಿಂತಿತು.

ಆಪರೇಟರಕ್ಕ ಹಾರನ್ ಒತ್ತಿದವಳು ಕೈ ತೆಗೆಯಲೇ ಇಲ್ಲ. ಐದಕ್ಕೆ ಬಂದ ಗ್ಯಾರಂಟಿ ಮಾವ ಕಿವಿ ಮುಚ್ಚಿಕೊಂಡೇ ಕೇಳಿದ: ‘ಎತ್ಕೊಂಡ್ ಹೋಗ್ಲೇನಮ್ಮಾ?’

‘ಮುಟ್ಟಿ ನೋಡು, ಬಕೆಟ್ಟಲ್ಲಿ ಕೂರ್ಸಿ ಯಾರ್ಡಿಗೆ ಬಿಟ್ಟು ಬರ್ತೀನಿ!’ ಎನ್ನುತ್ತ ಅವಳು ಚೀಲದಿಂದ ಕನ್ನಡಿ ತೆಗೆದು ಮತ್ತೆ ನೇತುಹಾಕಿದಳು. ಆಮೇಲೆ ಮಗಳ ಕಡೆ ಬಗ್ಗಿದಳು. ‘ಏನಾಗಿತ್ತೇ ಅದಕ್ಕೆ?’

‘ಅರ್ತ್ ಸಿಗ್ತಿರ್ಲಿಲ್ಲ ಅಕ್ಕ,’ ಎಂದಳು ಮಗಳು. ನನ್ನ ಕಡೆ ನೋಡಲಿಲ್ಲ. ನೋಡದಿರಲು ಅವಳು ಪಟ್ಟ ಕಷ್ಟ ಮಾತ್ರ ನನಗೆ ಕಂಡಿತು.

೬, ಅಥವಾ ಮುಕ್ತಾಯಗಳು

ಒಂದು: ನಾನು ಅಲ್ಲೇ ಟೇಪಿನ ಉಂಡೆ ತೆಗೆದು ತೋರಿಸಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. (ಚೆನ್ನಾಗಿದೆ, ಆದರೆ ಹಾಗೆ ನಡೆಯಲಿಲ್ಲ.)

ಇನ್ನೊಂದು: ಯಾರಿಗೂ ಗೊತ್ತಾಗಲಿಲ್ಲ. (ಇದನ್ನು ಒಂದು ರಾತ್ರಿ ಪೂರ್ತಿ ನಂಬಿದ್ದೆ.)

ಮತ್ತೆ ಇದು: ಮಾರನೆಯ ದಿನ ಅಡುಗೆಮನೆಯ ನಲ್ಲಿ ತೊಟ್ಟಿಕ್ಕತೊಡಗಿತು. ಸೊಂಟದ ಚೀಲಕ್ಕೆ ಕೈ ಹಾಕಿದರೆ ಟೇಪಿನ ಸುರುಳಿಯೇ ಇಲ್ಲ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಕಳೆಯದ್ದು. ಮಗಳ ಟೂಲ್ ಬಾಕ್ಸಿಗೆ ಹೊಸದೊಂದು ಬೀಗ ಬಂದಿದೆ. ಅವಳು ದಿನಾ ನಲ್ಲಿಯ ಕೆಳಗೆ ಲೋಟ ಇಟ್ಟು, ‘ಏನಮ್ಮ, ನಿಂಗೆ ಗೊತ್ತಿಲ್ದಿರೋ ನಲ್ಲೀನಾ ಇದು?’ ಎಂದು ಕೇಳಿ, ಸಿಳ್ಳೆ ಹಾಕುತ್ತ ಹೊರಡುತ್ತಾಳೆ.

ಟೇಪು ಕೊಡು ಎಂದರೆ ಒಪ್ಪಿಕೊಂಡ ಹಾಗೆ. ಕೇಳದಿದ್ದರೆ ಟಪ್ ಟಪ್. ಟೀಚರಮ್ಮನ ಲೆಕ್ಕದಲ್ಲಿ ಇಲ್ಲಿ ಮುಕ್ತಾಯ ಬರಬೇಕು. ತಡೆಯಿರಿ, ಲೋಟ ತುಂಬಿತು, ಚೆಲ್ಲಿ ಬರುತ್ತೇನೆ.