ಎಷ್ಟು ಪವನ್ ಎಂದು ಕೇಳದ ಹುಡುಗಿ

ಬಿ.ಕಾಂ. ಓದಿಸಲು ತೊಂಬತ್ತು ಸಾವಿರ, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದನ್ನು ಕಲಿಸಲು ಹನ್ನೆರಡು, ಸಂದರ್ಶನಕ್ಕೆಂದು ಹೊಲಿಸಿದ ಚೂಡಿದಾರಕ್ಕೆ ಎರಡು. ಆಟೋ ಓಡಿಸುವ ವರೀತ್ ಇಷ್ಟನ್ನೂ ನನ್ನ ಮೇಜಿನ ಮುಂದೆ ಒಪ್ಪಿಸಿ ಮಗಳು ಡೆಲ್ಸಿಯ ಕಡೆ ಕೈ ತೋರಿಸಿದರು.

"ನೋಡಿ ಚೇಚಿ, ಅಂಕಿ ಕಂಡ್ರೆ ಇವಳಿಗೆ ತಲೆನೋವಂತೆ. ಅಷ್ಟು ದುಡ್ಡು ಸುರಿದು ನಾನು ತಂದಿದ್ದು ತಲೆನೋವು!"

"ಬೇಡ ಅಂತ ಮೊದಲೇ ಹೇಳಿದ್ದೆ ಅಪ್ಪಚ್ಚಾ. ನೀವು ಕೇಳಿದ್ದು ಪಕ್ಕದ್ಮನೆಯವರ ಮಾತು."

ತ್ರಿಶ್ಶೂರಿನಲ್ಲಿ ಎಲ್ಲರಿಗೂ ಚೇಚಿ, ಅಂದರೆ ಅಕ್ಕನಾಗಿ, ಕೆಲಸ ಕೊಡಿಸುತ್ತ ನನಗೆ ತಲೆ ನರೆತಿದೆ. ಇಲ್ಲಿ ಕೆಲಸವೆಂದರೆ ಚೀಟಿ ಕಂಪನಿ, ಬಟ್ಟೆ ಅಂಗಡಿ, ಚಿನ್ನದಂಗಡಿ. ಎಲ್ಲಿ ಹೋದರೂ ಎಣಿಕೆಯೇ; ಚಿನ್ನವನ್ನೂ ಎಂಟೆಂಟು ಗ್ರಾಮಿನ ಪವನ್ ಲೆಕ್ಕದಲ್ಲಿ ಎಣಿಸುತ್ತಾರೆ. ಡೆಲ್ಸಿ ಚೀಟಿ ಕಂಪನಿಯಿಂದ ವಾರಕ್ಕೇ ವಾಪಸ್ಸು ಬಂದಿದ್ದಳು. ಬಟ್ಟೆ ಅಂಗಡಿಯಲ್ಲಿ ಮೀಟರ್ ಲೆಕ್ಕ ತಪ್ಪಿ ಗಲಾಟೆಯಾಗಿತ್ತು. ಇನ್ನೊಂದು ಕೆಲಸ ಕೈಬಿಟ್ಟರೆ ಅವಳಿಗೆ ಗಂಡು ನೋಡಿ ಮದುವೆ ಮುಗಿಸುತ್ತೇನೆಂದು ವರೀತ್ ಹಠ ಹಿಡಿದಿದ್ದರು. ಚಿನ್ನದಂಗಡಿಯ ಮ್ಯಾನೇಜರ್ ಸುಗುಣನ್‌ಗೆ ಕೈಮುಗಿದು, ಬಿಲ್ಲಿನ ಹತ್ತಿರ ಬಿಡಬೇಡಿ ಎಂದು ಹೇಳಿ, ಅವಳನ್ನು ಮದುವೆ ಒಡವೆ ತೋರಿಸಲು ಸೇರಿಸಿದೆ.

ತಿಂಗಳು ತುಂಬುವ ಮೊದಲೇ ಸುಗುಣನ್ ಫೋನು ಮಾಡಿದರು. "ಎಂಥ ಹುಡುಗೀನ ಕಳಿಸಿದ್ರಿ? ಮದುವೆ ಮನೆಯವರು ಕೂತ ಕೂಡ್ಲೇ ಎಷ್ಟು ಪವನ್ ಅಂತ ಕೇಳ್ಬೇಕು. ಇವಳು ಕೇಳೋದೇ ಇಲ್ಲ. ಕತ್ತು ತೋರ್ಸು ಅಂತಾಳೆ! ಬಂದು ಕರ್ಕೊಂಡು ಹೋಗಿ."

ಮಂಡಿನೋವು ಕಟ್ಟಿಕೊಂಡು ಹೋದೆ. ಮೀನು ಮಾರುವ ಹೆಂಗಸೊಬ್ಬಳು ಮದುವೆಗಿರುವ ಮಗಳ ಜೊತೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಎಷ್ಟು ಪವನ್ ಎಂದು ಕೇಳಿದ್ದಕ್ಕೆ ನಾಚಿ ಎದುರಿನ ಅಂಗಡಿಯಿಂದ ಆಗಲೇ ಎದ್ದು ಬಂದಿದ್ದರಂತೆ. ಡೆಲ್ಸಿ ತೆಳ್ಳನೆಯ ಒಂದು ಸರ ತೊಡಿಸಿ ಕನ್ನಡಿ ಹಿಡಿದಳು.

"ಇದು ನಿಂದು ಮೋಳೇ. ಆ ದಪ್ಪದ್ದು ಹಾಕ್ಕೊಂಡ್ರೆ ಸರ ಕಾಣುತ್ತೆ, ನೀನು ಕಾಣಲ್ಲ."

ಹುಡುಗಿ ನಕ್ಕಳು. ತಾಯಿ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಸರಿಯಾಗಿ ಕೂತಳು. ಸರದ ಜೊತೆಗೆ ಒಂದು ಜೊತೆ ಓಲೆಯನ್ನೂ ಕೊಂಡರು.

"ಚಿಲ್ಲರೆ ವ್ಯಾಪಾರ," ಎಂದರು ಸುಗುಣನ್.

"ಎದ್ದು ಹೋಗೋರು ಕೂತ್ರಲ್ಲಪ್ಪಾ. ಅದು ನಿಮ್ಮ ಬೇರೆ ಹುಡುಗೀರ ಕೈಲಿ ಆಗುತ್ತಾ?" ಎಂದೆ.

ಅವರು ಗಲ್ಲ ಕೆರೆದುಕೊಂಡರು. "ಸರಿ, ಸಣ್ಣ ಒಡವೆ ಕಡೆ ಹಾಕ್ತೀನಿ. ಅಲ್ಲಿ ಟಾರ್ಗೆಟ್ ಇಲ್ಲ. ಕಮಿಷನ್ನೂ ಇಲ್ಲ, ಗೊತ್ತಾಯ್ತಾ?"

"ಟಾರ್ಗೆಟ್ ಇಲ್ವಲ್ಲ ಸಾರ್, ಸಾಕು," ಎಂದಳು ಡೆಲ್ಸಿ.

ಜೊತೆಯ ಹುಡುಗಿಯರಿಗಿಂತ ತಿಂಗಳಿಗೆ ನಾಲ್ಕು ಸಾವಿರ ಕಡಿಮೆ ಅವಳ ಕೈಸೇರುತ್ತದೆ. ವರೀತ್ ಗಂಡು ಹುಡುಕುವ ಮಾತನ್ನು ಸದ್ಯಕ್ಕೆ ಬಿಟ್ಟಿದ್ದಾರೆ.